ಮಣಿಕಟ್ಟು ಮುರಿದಾಗಲೇ ಕೇಳಬೇಕಾದ ಪ್ರಶ್ನೆ

ಐವತ್ತೈದರ ಆಸುಪಾಸಿನ ಹೆಂಗಸೊಬ್ಬರು ಅಂಗಳದಲ್ಲಿ ಕಾಲು ಜಾರಿ ಕೈಯೂರಿ ಬೀಳುತ್ತಾರೆ. ಮಣಿಕಟ್ಟು ಮುರಿಯುತ್ತದೆ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಮೂಳೆಯನ್ನು ಎಳೆದು ಕೂರಿಸಿ, ಪ್ಲಾಸ್ಟರ್ ಹಾಕಿ ಕಳಿಸುತ್ತಾರೆ. ಆರು ವಾರದ ಮೇಲೆ ಬಿಚ್ಚುತ್ತಾರೆ. 'ಬಿದ್ದರು, ಮುರಿಯಿತು' ಎಂದು ಎಲ್ಲರೂ ಒಪ್ಪಿಕೊಂಡು ಸುಮ್ಮನಾಗುತ್ತಾರೆ. ನೆಲದ ಮೇಲೆ ನಿಂತವರು ನಿಂತ ಎತ್ತರದಿಂದಲೇ ಬಿದ್ದರೆ ಆರೋಗ್ಯವಂತ ಮೂಳೆ ಸಾಮಾನ್ಯವಾಗಿ ಮುರಿಯುವುದಿಲ್ಲ ಎಂಬ ಮಾತನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ಡಬ್ಲಿನ್ನಿನ ಶಸ್ತ್ರವೈದ್ಯ ಏಬ್ರಹಾಂ ಕಾಲಿಸ್ ಈ ಮುರಿತವನ್ನು 1814ರಲ್ಲೇ ವಿವರಿಸಿದ್ದ. ಆಗ ಎಕ್ಸ್‌ರೇ ಕೂಡ ಇರಲಿಲ್ಲ. ಇಂದಿಗೂ ಅದು ಅವನ ಹೆಸರಿನಲ್ಲೇ ಇದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈ ಮುರಿತ ಕಾಣಿಸಿಕೊಂಡರೆ ಅದು ಮೈಯೊಳಗಿನ ಎಲ್ಲ ಮೂಳೆಗಳ ಪರವಾಗಿ ಬಂದ ಸುದ್ದಿ. ಒಮ್ಮೆ ಹೀಗೆ ಮುರಿದವರಿಗೆ ಮುಂದೆ ಮತ್ತೊಂದು ಮೂಳೆ ಮುರಿಯುವ ಸಂಭವ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ಆ ಮತ್ತೊಂದು ಮೂಳೆ ಸೊಂಟದ್ದಾಗಿದ್ದರೆ ಕಥೆಯೇ ಬೇರೆ. ಬಚ್ಚಲಲ್ಲಿ ಬಿದ್ದ ಎಪ್ಪತ್ತೈದರ ಅಜ್ಜಿಯನ್ನು ನಾಲ್ಕು ಜನ ಎತ್ತಿ ತಂದು ಮಂಚದ ಮೇಲೆ ಮಲಗಿಸಿದಾಗ ಗಮನಿಸಿ: ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ ಕಾಣುತ್ತದೆ. ಪಾದ ಹೊರಗಡೆಗೆ ವಾಲಿಕೊಂಡಿರುತ್ತದೆ. ಹಿಮ್ಮಡಿಯನ್ನು ಹಾಸಿಗೆಯಿಂದ ಎತ್ತಿ ಎಂದರೆ ಎತ್ತಲಾಗುವುದಿಲ್ಲ. ತೊಡೆಮೂಳೆಯ ಕುತ್ತಿಗೆ ಅಥವಾ ಅದರ ಬುಡ ಮುರಿದಿದೆ ಎಂದು ಎಕ್ಸ್‌ರೇ ನೋಡುವ ಮೊದಲೇ ಹೇಳಬಹುದಾದಷ್ಟು ಸ್ಪಷ್ಟ ಚಿಹ್ನೆ ಇದು. ಹೀಗೆ ಸೊಂಟ ಮುರಿದುಕೊಂಡ ವೃದ್ಧರಲ್ಲಿ ಸುಮಾರು ಐದರಲ್ಲಿ ಒಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಬದುಕಿ ಉಳಿದವರಲ್ಲೂ ಎಷ್ಟೋ ಜನ ಮೊದಲಿನಂತೆ ನಡೆಯುವುದಿಲ್ಲ. ಕೊಲ್ಲುವುದು ಮುರಿದ ಮೂಳೆಗಿಂತ ಹೆಚ್ಚಾಗಿ ಮಲಗಿದ ಮಂಚ: ನ್ಯುಮೋನಿಯಾ, ಬೆನ್ನಿನ ಹುಣ್ಣು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವ ರಕ್ತ, ಮೂತ್ರದ ಸೋಂಕು. ಅದಕ್ಕೇ ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆ ಮಾಡಿ ಎದ್ದು ಕೂರಿಸಬೇಕು ಎನ್ನುವುದು ಇಂದಿನ ವೈದ್ಯಕೀಯ ನಿಯಮ. 'ಈ ವಯಸ್ಸಿನಲ್ಲಿ ಆಪರೇಷನ್ ಯಾಕೆ, ಎಣ್ಣೆ ಹಾಕಿ ಕಟ್ಟು ಕಟ್ಟಿಸೋಣ' ಎಂದು ಕಾಳಜಿಯಿಂದಲೇ ಹೇಳುವ ಮಾತು ಸೊಂಟದ ಮುರಿತದಲ್ಲಿ ಪ್ರಾಣಕ್ಕೆ ಎರವಾಗುತ್ತದೆ. ತೊಡೆಮೂಳೆಯ ತಲೆಗೆ ರಕ್ತ ಒಯ್ಯುವ ಸಣ್ಣ ನಾಳಗಳು ಕುತ್ತಿಗೆಯನ್ನು ಅಂಟಿಕೊಂಡೇ ಹೋಗುತ್ತವೆ. ಕುತ್ತಿಗೆ ಮುರಿದು ಸರಿದರೆ ಅವೂ ಹರಿಯುತ್ತವೆ. ಹೊರಗಿನ ಯಾವ ಕಟ್ಟಿಗೂ ಅವುಗಳನ್ನು ಕೂಡಿಸುವ ಶಕ್ತಿಯಿಲ್ಲ.

ಮುಂದಿನ ಇಪ್ಪತ್ತೈದು ವರ್ಷಗಳ ಲೆಕ್ಕ ನೋಡಿದರೆ ಭಯವಾಗುತ್ತದೆ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಮತ್ತು ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಸೇರಿ 2023ರಲ್ಲಿ ಹೊರತಂದ ವರದಿಯ ಪ್ರಕಾರ 2022ರಲ್ಲಿ ಭಾರತದಲ್ಲಿ ಅರವತ್ತು ದಾಟಿದವರು ಸುಮಾರು 14.9 ಕೋಟಿ. 2050ಕ್ಕೆ ಅವರು 34.7 ಕೋಟಿ ಆಗುತ್ತಾರೆ, ಅಂದರೆ ಐವರಲ್ಲಿ ಒಬ್ಬರು. ಐವತ್ತು ದಾಟಿದ ಮೂವರು ಹೆಂಗಸರಲ್ಲಿ ಒಬ್ಬರಿಗೆ, ಐವರು ಗಂಡಸರಲ್ಲಿ ಒಬ್ಬರಿಗೆ ಉಳಿದ ಬದುಕಿನಲ್ಲಿ ಮೂಳೆ ಟೊಳ್ಳಾದ ಕಾರಣಕ್ಕೇ ಮುರಿತವಾಗುತ್ತದೆ ಎಂಬುದು ಅಂತರರಾಷ್ಟ್ರೀಯ ಆಸ್ಟಿಯೊಪೊರೋಸಿಸ್ ಪ್ರತಿಷ್ಠಾನದ ಜಾಗತಿಕ ಅಂದಾಜು. ಈ ಎರಡು ಲೆಕ್ಕಗಳನ್ನು ಒಟ್ಟಿಗೆ ಇಟ್ಟು ನೋಡಿ. 2050ರಲ್ಲಿ ಸೊಂಟ ಮುರಿದುಕೊಳ್ಳಲಿರುವವರು ಇಂದು ನಲವತ್ತೈದು ಐವತ್ತರಲ್ಲಿದ್ದಾರೆ. ಕಚೇರಿಗೆ, ಹೊಲಕ್ಕೆ, ಗಾರ್ಮೆಂಟ್ಸ್‌ಗೆ ಹೋಗಿ ಬರುತ್ತಿದ್ದಾರೆ. ಅವರ ಮೂಳೆ ಈಗ ಕರಗುತ್ತಿದೆ, ನೋವಿಲ್ಲದೆ.

ನೋವಿಲ್ಲದಿರುವುದೇ ಇದರ ಅಪಾಯ. ಮೊಣಕಾಲು ನೋಯುವವರು 'ಮೂಳೆ ಸವೆದಿದೆಯಂತೆ' ಎನ್ನುವುದು ಕೀಲಿನ ಮೃದ್ವಸ್ಥಿ ಸವೆಯುವ ಸಂಧಿವಾತದ ಬಗ್ಗೆ. ಅದು ಬೇರೆಯೇ ರೋಗ. ಮೂಳೆ ಟೊಳ್ಳಾಗುವ ಆಸ್ಟಿಯೊಪೊರೋಸಿಸ್‌ನಲ್ಲಿ ಮೂಳೆ ಮುರಿಯುವ ಕ್ಷಣದವರೆಗೆ ಎಲ್ಲೂ ನೋಯುವುದಿಲ್ಲ.

ಮೂಳೆ ಸತ್ತ ವಸ್ತುವಲ್ಲ. ವಯಸ್ಕರ ಅಸ್ಥಿಪಂಜರದ ಸುಮಾರು ಹತ್ತನೇ ಒಂದು ಭಾಗ ಪ್ರತಿ ವರ್ಷ ಹೊಸದಾಗುತ್ತದೆ. ಆಸ್ಟಿಯೊಕ್ಲಾಸ್ಟ್ ಎಂಬ ಜೀವಕೋಶಗಳು ಹಳೆಯ ಮೂಳೆಯನ್ನು ಆಮ್ಲ ಸುರಿಸಿ ಕರಗಿಸಿ ಸಣ್ಣ ಗುಳಿ ತೋಡುತ್ತವೆ. ಹಿಂದೆಯೇ ಆಸ್ಟಿಯೊಬ್ಲಾಸ್ಟ್‌ಗಳು ಬಂದು ಆ ಗುಳಿಯಲ್ಲಿ ಹೊಸ ಮೂಳೆ ತುಂಬುತ್ತವೆ. ತೋಡುವುದಕ್ಕೆ ಕೆಲವೇ ವಾರ ಸಾಕು, ತುಂಬುವುದಕ್ಕೆ ತಿಂಗಳುಗಟ್ಟಲೆ ಬೇಕು. ಹದಿಹರೆಯದಲ್ಲಿ ತುಂಬುವುದೇ ಹೆಚ್ಚು. ಮೂವತ್ತರ ಹೊತ್ತಿಗೆ ಮೂಳೆ ತನ್ನ ಗರಿಷ್ಠ ಮಟ್ಟ ಮುಟ್ಟಿರುತ್ತದೆ. ಆಮೇಲೆ ಎಷ್ಟು ತೋಡಿತೋ ಅಷ್ಟನ್ನು ತುಂಬಲು ಆಗದೆ ಒಂದಿಷ್ಟು ಬಾಕಿ ಉಳಿಯತೊಡಗುತ್ತದೆ. ಬೆನ್ನುಮೂಳೆಯ ಮಣಿಗಳಲ್ಲಿ, ತೊಡೆಮೂಳೆಯ ಕುತ್ತಿಗೆಯಲ್ಲಿ ಇರುವುದು ಸ್ಪಂಜಿನಂಥ ಮೂಳೆ, ಸಣ್ಣ ಕಂಬಗಳೂ ಅಡ್ಡಪಟ್ಟಿಗಳೂ ಹೆಣೆದುಕೊಂಡ ಜಾಲ. ಮೊದಲು ಕಡಿದುಹೋಗುವುದು ಅಡ್ಡಪಟ್ಟಿಗಳು. ಮಲೆನಾಡಿನಲ್ಲಿ ಅಡಿಕೆ ಒಣಗಿಸಲು ಅಟ್ಟ ಕಟ್ಟುವವರನ್ನು ಕೇಳಿ: ಉದ್ದನೆಯ ತೆಳು ಕಂಬಕ್ಕೆ ನಡುವೆ ಒಂದು ಅಡ್ಡಗಳು ಬಿಗಿದಿದ್ದರೆ ಅದು ಬಾಗದೆ ನಿಲ್ಲುತ್ತದೆ. ಆ ಗಳುವನ್ನು ಬಿಚ್ಚಿದರೆ ಲೆಕ್ಕದ ಪ್ರಕಾರ ಅದೇ ಕಂಬ ಬಾಗದೆ ಹೊರಬಲ್ಲ ಭಾರ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಮೂಳೆಯಲ್ಲೂ ಇದೇ ಆಗುವುದು. ಕಳೆದುಹೋದ ಮೂಳೆ ತೂಕದಲ್ಲಿ ಸ್ವಲ್ಪ, ಕಳೆದುಹೋದ ಬಲ ಬಹಳ.

ತೋಡುವ ಕೋಶಗಳಿಗೆ ಲಗಾಮು ಹಾಕಿಟ್ಟಿರುವುದು ಈಸ್ಟ್ರೋಜನ್. ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಸಡಿಲಾಗಲು ಈ ಹಾರ್ಮೋನಿನ ಕೊರತೆಯೇ ಕಾರಣ ಎಂದು ಬಾಸ್ಟನ್ನಿನ ಫುಲರ್ ಆಲ್‌ಬ್ರೈಟ್ 1940ರ ದಶಕದ ಆರಂಭದಲ್ಲೇ ತೋರಿಸಿದ್ದ. ಅದು ಇಳಿದ ಕೂಡಲೇ ಆಸ್ಟಿಯೊಕ್ಲಾಸ್ಟ್‌ಗಳು ಹೆಚ್ಚು ಕಾಲ ಬದುಕಿ ಹೆಚ್ಚು ಆಳಕ್ಕೆ ತೋಡುತ್ತವೆ. ಮುಟ್ಟು ನಿಂತ ಮೊದಲ ಐದಾರು ವರ್ಷಗಳಲ್ಲೇ ಕೆಲವರು ಮೂಳೆಯ ಹತ್ತನೇ ಒಂದು ಭಾಗ, ಕೆಲವರು ಇನ್ನೂ ಹೆಚ್ಚು ಕಳೆದುಕೊಳ್ಳುತ್ತಾರೆ. ಪಾಶ್ಚಾತ್ಯ ದೇಶಗಳಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 51. ನಮ್ಮಲ್ಲಿ 46–47ರ ಸುಮಾರು. ಹಾಗಾಗಿ ನಮ್ಮ ಹೆಂಗಸರ ಮೂಳೆ ನಾಲ್ಕೈದು ವರ್ಷ ಮೊದಲೇ ಈ ಇಳಿಜಾರಿಗೆ ಬೀಳುತ್ತದೆ.

ಇದಕ್ಕೂ ಮೊದಲೇ ಕೈಯಾರೆ ತಂದುಕೊಳ್ಳುವ ಇಳಿಜಾರು ಇನ್ನೊಂದಿದೆ. ಅದರ ಬಗ್ಗೆ ನಾವು ಮಾತಾಡುವುದೇ ಕಡಿಮೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ, ಗರ್ಭಕೋಶ ತೆಗೆಸಿಕೊಂಡ 15ರಿಂದ 49 ವರ್ಷದೊಳಗಿನ ಹೆಂಗಸರು ಆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮಧ್ಯಾಂಕ ವಯಸ್ಸು 34 ಎಂದು ಗೊತ್ತಾಯಿತು. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರು ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರು ಗರ್ಭಕೋಶ ಕಳೆದುಕೊಂಡು ಬಂದದ್ದು, ಆಮೇಲೆ ಅದರ ವಿರುದ್ಧ ಬೀದಿಗಿಳಿದದ್ದು ನಮ್ಮದೇ ರಾಜ್ಯದ ಸುದ್ದಿ. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದರೆ ಈಸ್ಟ್ರೋಜನ್ ರಾತ್ರಿ ಬೆಳಗಾಗುವುದರಲ್ಲಿ ಕುಸಿಯುತ್ತದೆ. ಅಂಡಾಶಯ ಉಳಿಸಿದರೂ ಅವು ಸರಾಸರಿಗಿಂತ ಬೇಗ ಸೋಲುವುದುಂಟು. ಮೂವತ್ತೈದಕ್ಕೆ ಹೀಗಾದವಳು ಅರವತ್ತಕ್ಕೆ ಬರುವ ಹೊತ್ತಿಗೆ ಅವಳ ಮೂಳೆಗಳು ಇಪ್ಪತ್ತೈದು ವರ್ಷ ಲಗಾಮಿಲ್ಲದೆ ಕರಗಿರುತ್ತವೆ. ಶಸ್ತ್ರಚಿಕಿತ್ಸೆ ಅನಿವಾರ್ಯವಾಗಿದ್ದರೆ ಮಾಡಲೇಬೇಕು, ಆ ಮಾತು ಬೇರೆ. ಆದರೆ 'ಮಕ್ಕಳಾದ ಮೇಲೆ ಅದು ಯಾಕೆ ಬೇಕು' ಎಂದು ಸಹಿ ಹಾಕಿಸಿಕೊಳ್ಳುವ ಮುನ್ನ ಮೂಳೆಯ ಮಾತನ್ನು ಎತ್ತದ ವೈದ್ಯರು ಅರ್ಧ ಸತ್ಯವನ್ನಷ್ಟೇ ಹೇಳಿದಂತಾಗುತ್ತದೆ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಅಂಡಾಶಯ ಹೋದವರಿಗೆ ಸಹಜ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನು ಕೊಡುವ ಪದ್ಧತಿ ಇದೆ. ಅದನ್ನು ಕೇಳುವುದು ಅವರ ಹಕ್ಕು.

ಗಂಡಸರಿಗೂ ಇದು ಬರುತ್ತದೆ, ತಡವಾಗಿ. ಸೊಂಟ ಮುರಿದ ಮೇಲೆ ಸಾಯುವವರ ಪ್ರಮಾಣ ಗಂಡಸರಲ್ಲೇ ಹೆಚ್ಚು. ಬೀಡಿ ಸಿಗರೇಟು, ಮದ್ಯ, ಹೈಪರ್‌ಥೈರಾಯ್ಡ್, ಮೂತ್ರಪಿಂಡದ ಕಾಯಿಲೆ ಇವೆಲ್ಲ ಮೂಳೆ ಕರಗಿಸುವ ಕಾರಣಗಳ ಪಟ್ಟಿಯಲ್ಲಿವೆ. ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಸ್ಟಿರಾಯ್ಡ್ ಮಾತ್ರೆಗಳ ಬಗ್ಗೆ. ಆಸ್ತಮಾ, ರುಮಟಾಯ್ಡ್ ಸಂಧಿವಾತ, ಚರ್ಮರೋಗಗಳಿಗೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಪ್ರೆಡ್ನಿಸೊಲೋನ್ ನುಂಗುವವರ ಮೂಳೆಯನ್ನು ಮೊದಲ ದಿನದಿಂದಲೇ ಕಾಯಬೇಕು, ಏಕೆಂದರೆ ನಷ್ಟ ಅತಿ ವೇಗವಾಗಿ ಆಗುವುದು ಮೊದಲ ತಿಂಗಳುಗಳಲ್ಲೇ. ಹಾಗೆಂದು ಅದನ್ನು ತಾವಾಗಿ ಥಟ್ಟನೆ ನಿಲ್ಲಿಸುವಂತಿಲ್ಲ, ಅದೂ ಪ್ರಾಣಾಪಾಯ.

ಗುರುತಿಸುವುದು ಹೇಗೆ? ಬೆನ್ನುಮೂಳೆಯ ಮುರಿತಗಳಲ್ಲಿ ಮೂರರಲ್ಲಿ ಎರಡು ಪಾಲು ಯಾರ ಗಮನಕ್ಕೂ ಬರುವುದಿಲ್ಲ. ಒಂದು ಮಣಿ ಮುಂಭಾಗದಲ್ಲಿ ಕುಸಿದು ಬೆಣೆಯ ಆಕಾರಕ್ಕೆ ಬರುತ್ತದೆ, ಆಮೇಲೆ ಇನ್ನೊಂದು. ಅಮ್ಮನ ಸೀರೆ ಈಚೆಗೆ ನೆಲಕ್ಕೆ ತಾಗುತ್ತಿದೆ, ಹಿಂದೆ ಸಲೀಸಾಗಿ ಕೈಗೆ ಸಿಗುತ್ತಿದ್ದ ನಾಗಂದಿಗೆಯ ಡಬ್ಬಿಗೆ ಈಗ ಸ್ಟೂಲು ಬೇಕು ಎಂದರೆ ಅದನ್ನು ಮುಪ್ಪು ಎಂದು ಬಿಟ್ಟುಬಿಡಬೇಡಿ. ಅವರನ್ನು ಗೋಡೆಗೆ ಬೆನ್ನು, ಹಿಮ್ಮಡಿ ತಾಗಿಸಿ ನಿಲ್ಲಿಸಿ ನೋಡಿ. ಗದ್ದ ಎತ್ತದೆ ನೇರ ನೋಡುತ್ತಾ ತಲೆಯ ಹಿಂಭಾಗ ಗೋಡೆಗೆ ಮುಟ್ಟದಿದ್ದರೆ, ಅಥವಾ ಯೌವನದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರ್ ಕಡಿಮೆಯಾಗಿದ್ದರೆ, ಬೆನ್ನಿನ ಎಕ್ಸ್‌ರೇ ತೆಗೆಸಲು ಅಷ್ಟು ಕಾರಣ ಸಾಕು. ಮೂಳೆಯ ಸಾಂದ್ರತೆ ಅಳೆಯಲು ಡೆಕ್ಸಾ ಎಂಬ ಸ್ಕ್ಯಾನ್ ಇದೆ. ಯುವ ವಯಸ್ಕರ ಸರಾಸರಿಗೆ ಹೋಲಿಸಿ ಅದು ಕೊಡುವ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ ಎಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೆರೆ ಎಳೆದಿದೆ. ಶಿಬಿರಗಳಲ್ಲಿ ಹಿಮ್ಮಡಿಗೆ ಯಂತ್ರ ತಾಗಿಸಿ ಕೊಡುವ ಚೀಟಿ ಡೆಕ್ಸಾಗೆ ಸಮವಲ್ಲ. ಅದನ್ನು ನೋಡಿ ಹೆದರುವುದೂ ಬೇಡ, ನಿಶ್ಚಿಂತರಾಗುವುದೂ ಬೇಡ.

ಸಾಂದ್ರತೆಯೊಂದೇ ಬಲವೂ ಅಲ್ಲ. ಅಮೆರಿಕದ ಮೇಯೊ ಕ್ಲಿನಿಕ್‌ನ ಲಾರೆನ್ಸ್ ರಿಗ್ಸ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ದೊಡ್ಡ ಪಾಠ. ಸೋಡಿಯಂ ಫ್ಲೋರೈಡ್ ಕೊಟ್ಟ ಹೆಂಗಸರ ಬೆನ್ನುಮೂಳೆಯ ಸಾಂದ್ರತೆ ನಾಲ್ಕು ವರ್ಷದಲ್ಲಿ ಶೇ. 35ರಷ್ಟು ಏರಿತು. ಬೆನ್ನಿನ ಮುರಿತ ಗಣನೀಯವಾಗಿ ಇಳಿಯಲಿಲ್ಲ, ಬೇರೆ ಮೂಳೆಗಳ ಮುರಿತ ಇನ್ನೂ ಹೆಚ್ಚಾಯಿತು. ಪಾವಗಡ, ಮುಂಡರಗಿ, ಬಾಗೇಪಲ್ಲಿಯ ಕೊಳವೆಬಾವಿ ನೀರು ಕುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫ್ಲೋರೈಡ್ ತುಂಬಿದ ಮೂಳೆ ಎಕ್ಸ್‌ರೇಯಲ್ಲಿ ಬೆಳ್ಳಗೆ ಗಟ್ಟಿಯಾಗಿ ಕಾಣುತ್ತದೆ. ಆದರೆ ಅದು ಬಿರುಸು, ಪೆಡಸು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬ ಮಿತಿ ದಾಟಿದ ಊರುಗಳಲ್ಲಿ ಡೆಕ್ಸಾ ಸಂಖ್ಯೆ 'ಚೆನ್ನಾಗಿದೆ' ಎಂದು ಬಂದರೂ ನಂಬುವಂತಿಲ್ಲ. ಅಲ್ಲಿ ಮೂಳೆ ಉಳಿಸುವ ಮೊದಲ ಕೆಲಸ ಬೇರೆ ನೀರು ಕೊಡುವುದು.

ಇನ್ನು ಊಟ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಮುಟ್ಟು ನಿಂತವರಿಗೆ 1,200. ನೂರು ಗ್ರಾಂ ಅಕ್ಕಿಯಲ್ಲಿ ಇರುವುದು ಹತ್ತಕ್ಕಿಂತ ಕಡಿಮೆ. ಜೋಳದಲ್ಲಿ ಮೂವತ್ತಕ್ಕಿಂತ ಕಡಿಮೆ. ಅದೇ ನೂರು ಗ್ರಾಂ ರಾಗಿಯಲ್ಲಿ ಸುಮಾರು 350. ನೂರು ಮಿಲಿ ಹಸುವಿನ ಹಾಲಿನಲ್ಲಿ 120ರ ಆಸುಪಾಸು. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಈ ಕ್ಯಾಲ್ಸಿಯಂನಲ್ಲಿ ಒಂದಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೊಳಕೆ ಬರಿಸಿ ಹುರಿಹಿಟ್ಟು ಮಾಡಿದರೆ ಅದು ತಗ್ಗುತ್ತದೆ. ನುಗ್ಗೆಸೊಪ್ಪು, ಎಳ್ಳು, ಮುಳ್ಳಿನ ಸಮೇತ ತಿನ್ನುವ ಸಣ್ಣ ಒಣಮೀನು ಇವೂ ಒಳ್ಳೆಯ ಮೂಲಗಳು. ಮಂಡ್ಯ, ತುಮಕೂರಿನ ಮನೆಗಳಲ್ಲಿ ಮುದ್ದೆ ಎರಡು ಹೊತ್ತಿನಿಂದ ಒಂದಕ್ಕೆ, ಆಮೇಲೆ ಭಾನುವಾರಕ್ಕೆ ಇಳಿದರೆ ಅದು ರುಚಿಯ ಬದಲಾವಣೆಯಷ್ಟೇ ಆಗಿ ಉಳಿಯುವುದಿಲ್ಲ. ಶಾಲೆಯ ಮಕ್ಕಳಿಗೆ 2013ರಿಂದ ಹಾಲು ಕೊಡುವ ಕ್ಷೀರಭಾಗ್ಯ, 2024ರಲ್ಲಿ ಅದಕ್ಕೆ ಸೇರಿದ ರಾಗಿ ಮಾಲ್ಟ್ ಇವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಹತ್ತರಿಂದ ಹದಿನೆಂಟರೊಳಗೆ ಕೂಡಿಬಂದ ಮೂಳೆಯೇ ಎಪ್ಪತ್ತರಲ್ಲಿ ನಿಲ್ಲಿಸುವುದು.

ಬಿಸಿಲಿನ ನಾಡಿನಲ್ಲಿ ವಿಟಮಿನ್ ಡಿ ಕೊರತೆ ಎಂದರೆ ಜನ ನಂಬುವುದಿಲ್ಲ. ದೆಹಲಿಯ ಏಮ್ಸ್‌ನ ತಂಡ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಯಲಲ್ಲಿ ದುಡಿಯುವ ಸೈನಿಕರ ಮಟ್ಟ ಚೆನ್ನಾಗಿತ್ತು. ಅದೇ ಊರಿನ ಆಸ್ಪತ್ರೆಯೊಳಗೆ ದುಡಿಯುವ ಆರೋಗ್ಯವಂತರಲ್ಲಿ ಅದು ತೀರಾ ಕೆಳಗಿತ್ತು. ಬಿಸಿಲು ಊರಿಗೆ ಬಿದ್ದರೆ ಸಾಲದು, ಚರ್ಮಕ್ಕೆ ಬೀಳಬೇಕು. ಬೆಳಗಿನ ಎಳೆಬಿಸಿಲಿನಲ್ಲಿ ಅದಕ್ಕೆ ಬೇಕಾದ ಯುವಿ-ಬಿ ಕಿರಣ ತೀರಾ ಕಡಿಮೆ. ನಮ್ಮ ನೆರಳು ನಮಗಿಂತ ಗಿಡ್ಡವಾಗಿರುವ ಹೊತ್ತಿನ ಬಿಸಿಲಷ್ಟೇ ಕೆಲಸಕ್ಕೆ ಬರುತ್ತದೆ. ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲಿನಿಂದ ಪ್ರಯೋಜನವಿಲ್ಲ.

ಹಾಗಾದರೆ ಮಾತ್ರೆ ನುಂಗಿದರೆ ಮುಗಿಯಿತಲ್ಲ ಎಂಬ ನಂಬಿಕೆಯೇ ಇಂದು ಹೆಚ್ಚು ಹಾನಿ ಮಾಡುತ್ತಿದೆ. ಫ್ರಾನ್ಸಿನ ವೃದ್ಧಾಶ್ರಮಗಳಲ್ಲಿ, ಸರಾಸರಿ 84 ವಯಸ್ಸಿನ, ಡಿ ಕೊರತೆಯಿದ್ದ ಹೆಂಗಸರಿಗೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಎರಡನ್ನೂ ಕೊಟ್ಟಾಗ ಸೊಂಟದ ಮುರಿತ ಶೇ. 43ರಷ್ಟು ಇಳಿದದ್ದು 1992ರಲ್ಲಿ ವರದಿಯಾಯಿತು. ಆದರೆ ಅಮೆರಿಕದಲ್ಲಿ 36,000ಕ್ಕೂ ಹೆಚ್ಚು ಸಾಮಾನ್ಯ ಆರೋಗ್ಯದ ಹೆಂಗಸರಲ್ಲಿ ಅದೇ ಜೋಡಿಯನ್ನು ಏಳು ವರ್ಷ ಪರೀಕ್ಷಿಸಿ ನೋಡಿದಾಗ ಸೊಂಟದ ಮುರಿತದಲ್ಲಿ ನಂಬುವಂಥ ಇಳಿಕೆ ಕಾಣಲಿಲ್ಲ, ಮೂತ್ರಪಿಂಡದ ಕಲ್ಲು ಹೆಚ್ಚಾಯಿತು. ಕೊರತೆಯಿರುವವರಿಗೆ ಅದು ಅಗತ್ಯ, ಇಲ್ಲದವರಿಗೆ ಕಾವಲಲ್ಲ. ಹೆಚ್ಚು ಕೊಟ್ಟರೆ ಹೆಚ್ಚು ಒಳ್ಳೆಯದು ಎಂಬುದೂ ಸುಳ್ಳಾಗಿದೆ: ಆಸ್ಟ್ರೇಲಿಯಾದಲ್ಲಿ ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ ಡಿ ಕೊಟ್ಟ ವೃದ್ಧೆಯರು ಕೊಡದವರಿಗಿಂತ ಹೆಚ್ಚು ಬಿದ್ದರು, ಹೆಚ್ಚು ಮುರಿದುಕೊಂಡರು. ನಮ್ಮಲ್ಲಿ ವಾರಕ್ಕೊಂದರಂತೆ ಎಂಟು ವಾರಕ್ಕೆಂದು ಬರೆದ 60,000 ಯೂನಿಟ್‌ನ ಪೊಟ್ಟಣವನ್ನು ವರ್ಷಗಟ್ಟಲೆ ತಾವಾಗಿಯೇ ಮುಂದುವರಿಸುವವರಿದ್ದಾರೆ. ದಯವಿಟ್ಟು ನಿಲ್ಲಿಸಿ, ವೈದ್ಯರನ್ನು ಕೇಳಿ.

ಮೂಳೆ ಗಟ್ಟಿಯಾಗುವುದು ಭಾರ ಬಿದ್ದಾಗ. ಮೈಭಾರವೇ ಇಲ್ಲದಂತಾಗುವ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳು ತಿಂಗಳಿಗೆ ಶೇ. 1ರಿಂದ 1.5ರಷ್ಟು ಸೊಂಟದ ಮೂಳೆ ಕಳೆದುಕೊಳ್ಳುತ್ತಾರೆ. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ ಮೂಳೆ ಕಡಿಮೆಯಿದ್ದ, ಮುಟ್ಟು ನಿಂತ ಹೆಂಗಸರು ತರಬೇತುದಾರರ ಕಣ್ಣೆದುರು ವಾರಕ್ಕೆರಡು ಸಲ ಅರ್ಧ ಗಂಟೆ ಭಾರ ಎತ್ತಿದರು. ಎಂಟು ತಿಂಗಳಲ್ಲಿ ಅವರ ಬೆನ್ನುಮೂಳೆಯ ಸಾಂದ್ರತೆ ಶೇ. 2.9ರಷ್ಟು ಏರಿತು, ಮನೆಯಲ್ಲೇ ಹಗುರ ವ್ಯಾಯಾಮ ಮಾಡಿದವರದ್ದು ಇಳಿಯಿತು. ಬರೀ ವಾಯುವಿಹಾರ ಹೃದಯಕ್ಕೆ ಒಳ್ಳೆಯದು, ಮೂಳೆಗೆ ಸಾಲದು. ಮೆಟ್ಟಿಲು ಹತ್ತಬೇಕು, ಭಾರ ಎತ್ತಬೇಕು, ಕುರ್ಚಿಯಿಂದ ಕೈಯೂರದೆ ಏಳುವುದನ್ನು ರೂಢಿ ಮಾಡಬೇಕು. ಯೋಗ ಮಾಡುವವರಿಗೆ ಒಂದು ಮಾತು. ಬೆನ್ನುಮೂಳೆ ಆಗಲೇ ಟೊಳ್ಳಾಗಿರುವವರು ಪಶ್ಚಿಮೋತ್ತಾನಾಸನ, ಹಲಾಸನದಂಥ ಮುಂದಕ್ಕೆ ಬಾಗುವ ಆಸನಗಳನ್ನು ಬಿಡಬೇಕು. ಮೇಯೊ ಕ್ಲಿನಿಕ್‌ನ ಮೆಹರ್‌ಶೀದ್ ಸಿನಾಕಿ 1984ರಲ್ಲಿ ತೋರಿಸಿದಂತೆ, ಇಂಥ ಹೆಂಗಸರಲ್ಲಿ ಮುಂದಕ್ಕೆ ಬಾಗುವ ವ್ಯಾಯಾಮ ಮಾಡಿದವರ ಪೈಕಿ ಶೇ. 89 ಜನರಿಗೆ ಹೊಸ ಮುರಿತವಾಯಿತು, ಬೆನ್ನನ್ನು ಹಿಂದಕ್ಕೆ ನೀಳವಾಗಿಸುವ ವ್ಯಾಯಾಮ ಮಾಡಿದವರಲ್ಲಿ ಶೇ. 16 ಜನರಿಗೆ. ಅದು ಸಣ್ಣ ಅಧ್ಯಯನ. ಆದರೂ ಅಂತರ ಅಷ್ಟು ದೊಡ್ಡದಿರುವಾಗ ಅಪಾಯ ಯಾಕೆ?

ಒಮ್ಮೆ ಮುರಿದವರಿಗೆ ಊಟ, ಬಿಸಿಲು, ವ್ಯಾಯಾಮ ಸಾಲುವುದಿಲ್ಲ, ಔಷಧಿ ಬೇಕು. ಇಂದು ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್, ಆಗ ದಿನವೂ ಕೊಟ್ಟಾಗ, ಈಗಾಗಲೇ ಬೆನ್ನುಮೂಳೆ ಮುರಿದಿದ್ದ ಹೆಂಗಸರಲ್ಲಿ ಸೊಂಟದ ಮುರಿತವನ್ನು ಅರ್ಧಕ್ಕೆ ಇಳಿಸಿದ್ದು 1996ರಲ್ಲೇ ಸಾಬೀತಾಗಿದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತುಂಬಿದ ಲೋಟ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಮಲಗದೆ, ಕಾಫಿಯನ್ನೂ ಕುಡಿಯದೆ ಇರಬೇಕು. ಮಲಗಿದರೆ ಅನ್ನನಾಳ ಸುಡಬಹುದು, ಕಾಫಿ ಕುಡಿದರೆ ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲ. ಅದಾಗದವರಿಗೆ ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಜೊಲೆಡ್ರೊನಿಕ್ ಆಮ್ಲ ಇದೆ. ದವಡೆಮೂಳೆ ಕೊಳೆಯುತ್ತದೆ, ತೊಡೆ ತಾನಾಗಿ ಮುರಿಯುತ್ತದೆ ಎಂಬ ಭಯ ವಾಟ್ಸ್‌ಆ್ಯಪ್‌ನಲ್ಲಿ ಹರಡಿದೆ. ಎರಡೂ ನಿಜವಾದ ಅಡ್ಡಪರಿಣಾಮಗಳೇ, ಎರಡೂ ಅತಿ ವಿರಳ. ಹಲ್ಲು ಕೀಳಿಸುವುದಿದ್ದರೆ ಮೊದಲೇ ಮುಗಿಸಿಕೊಂಡು, ಸಾಮಾನ್ಯವಾಗಿ ಮೂರರಿಂದ ಐದು ವರ್ಷದ ಮೇಲೆ ವೈದ್ಯರೊಂದಿಗೆ ಕೂತು ಮುಂದುವರಿಸಬೇಕೇ ಎಂದು ನೋಡಿದರೆ ಆ ಅಪಾಯ ಇನ್ನೂ ತಗ್ಗುತ್ತದೆ. ಆರು ತಿಂಗಳಿಗೊಮ್ಮೆ ಚುಚ್ಚುವ ಡೆನೊಸುಮ್ಯಾಬ್‌ನ ಎಚ್ಚರಿಕೆ ಬೇರೆ: ಅದನ್ನು ನಡುವೆ ಬಿಟ್ಟರೆ ಗಳಿಸಿದ ಮೂಳೆ ಬೇಗನೆ ಕರಗಿ ಬೆನ್ನಿನ ಹಲವು ಮಣಿಗಳು ಒಟ್ಟಿಗೇ ಕುಸಿಯಬಹುದು. ಮುಂದಿನ ಚುಚ್ಚುಮದ್ದಿಗೆ ದುಡ್ಡು, ದಾರಿ ಎರಡೂ ಇದೆಯೇ ಎಂದು ನೋಡಿಕೊಂಡೇ ಅದನ್ನು ಶುರುಮಾಡಬೇಕು.

ಇಷ್ಟೆಲ್ಲ ಔಷಧಿ ಇದ್ದೂ ಮುರಿದು ಬಂದವರಲ್ಲಿ ಬಹುಪಾಲು ಜನರಿಗೆ ಜಗತ್ತಿನ ಹೆಚ್ಚಿನ ಕಡೆ ಅದು ಸಿಗುತ್ತಿಲ್ಲ. ಮೂಳೆ ಕೂಡಿಸುವವರು ಒಬ್ಬರು, ಮೂಳೆಯ ರೋಗ ನೋಡುವವರು ಇನ್ನೊಬ್ಬರು. ನಡುವಿನ ಬಾಗಿಲು ರೋಗಿಗೆ ಗೊತ್ತೇ ಇಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ 1999ರ ಹೊತ್ತಿಗೆ ಇದಕ್ಕೊಂದು ಸರಳ ದಾರಿ ಕಂಡುಕೊಂಡರು. ಐವತ್ತು ದಾಟಿ, ಮುರಿತವೆಂದು ಆಸ್ಪತ್ರೆಗೆ ಬಂದ ಪ್ರತಿಯೊಬ್ಬರನ್ನೂ ಅದಕ್ಕೆಂದೇ ನೇಮಿಸಿದ ನರ್ಸ್ ಗುರುತಿಸಿ, ಮೂಳೆ ಪರೀಕ್ಷೆ ಮಾಡಿಸಿ, ಔಷಧಿ ಶುರುವಾಗುವಂತೆ ನೋಡಿಕೊಳ್ಳುವ ವ್ಯವಸ್ಥೆ ಅದು. ನಮ್ಮ ಜಿಲ್ಲಾಸ್ಪತ್ರೆಗಳ ಮೂಳೆ ವಿಭಾಗದಲ್ಲಿ ಇದನ್ನು ಮಾಡಲು ಹೊಸ ಕಟ್ಟಡ ಬೇಡ. ಒಬ್ಬ ನರ್ಸ್, ಒಂದು ರಿಜಿಸ್ಟರ್, ಅಲೆಂಡ್ರೊನೇಟ್ ಮಾತ್ರೆಯ ನಿರಂತರ ಸರಬರಾಜು ಸಾಕು. ಕಡಿಮೆ ಪೆಟ್ಟಿಗೆ ಸೊಂಟವೋ ಬೆನ್ನುಮೂಳೆಯೋ ಮುರಿದವರಿಗೆ ಡೆಕ್ಸಾ ಯಂತ್ರಕ್ಕಾಗಿ ಕಾಯಬೇಕಾಗಿಯೂ ಇಲ್ಲ, ಆ ಮುರಿತವೇ ಚಿಕಿತ್ಸೆ ಆರಂಭಿಸಲು ಸಾಕಾದ ಪುರಾವೆ. ಅಂಥ ನರ್ಸ್ ಬರುವವರೆಗೆ ಆ ಕೆಲಸ ಮನೆಯವರದ್ದು. ಡಿಸ್ಚಾರ್ಜ್ ಚೀಟಿ ಕೈಗೆ ಬಂದಾಗ ಅದರಲ್ಲಿ ಮುರಿತದ ಹೆಸರಿನ ಕೆಳಗೆ ಮೂಳೆಗೆ ಯಾವ ಔಷಧಿ ಬರೆದಿದ್ದಾರೆ ಎಂದು ನೋಡಿ. ಕ್ಯಾಲ್ಸಿಯಂ ಮಾತ್ರ ಬರೆದಿದ್ದರೆ ಹಿಂದಿರುಗಿ ಹೋಗಿ, 'ಇದು ಯಾಕೆ ಮುರಿಯಿತು, ಮತ್ತೆ ಮುರಿಯದಿರಲು ಏನು ಕೊಡುತ್ತೀರಿ' ಎಂದು ಕೇಳಿ.